ಊಟ ಬಿಡಿಸೋದೂ ಒಂದು ಉದ್ಯೋಗವಾ, ಡಾಕ್ಟ್ರೇ?

ಕಳೆದ ಸಂಚಿಕೆಯಲ್ಲಿ ಒಬ್ಬರು, ಬರೀ ನೀರು ಕುಡಿದು ಹತ್ತು ದಿನ ಮನೆಯಲ್ಲೇ ಉಪವಾಸ ಮಾಡಬಹುದಾ ಎಂದು ಕೇಳಿದ್ದರು. ಜಾಗ ಕಡಿಮೆ ಇತ್ತು, ‘ಮನೆಯಲ್ಲಿ ಬೇಡ’ ಎಂದು ಬರೆದು ಮುಗಿಸಿದ್ದೆ. ಓದುಗರು ಬಿಡಬೇಕಲ್ಲ! ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉಪವಾಸದ್ದೇ. ಕೆಲವರು ಬೈದಿದ್ದಾರೆ, ಕೆಲವರು ಅಜ್ಜಿಯರ ಉದಾಹರಣೆ ಕೊಟ್ಟಿದ್ದಾರೆ, ಒಬ್ಬರಂತೂ ನನ್ನ ಕೆಲಸದ ಮೇಲೇ ಅನುಮಾನಪಟ್ಟಿದ್ದಾರೆ. ಹಾಗಾಗಿ ಕೂದಲು ಉದುರುವುದು, ಹಿಮ್ಮಡಿ ನೋವು ಎಲ್ಲ ಮುಂದಿನ ಸಲಕ್ಕೆ.

ನನ್ನ ಮಗಳು ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿದ್ದಾಳೆ. ಬಿಎನ್‌ವೈಎಸ್ ಸೇರಿ ಉಪವಾಸದ ಬಗ್ಗೆ ರಿಸರ್ಚ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ನಮ್ಮದು ಕಬ್ಬು, ಭತ್ತ ಬೆಳೆಯೋ ಮನೆ. ಜನಕ್ಕೆ ಊಟ ಹಾಕೋದು ಗೊತ್ತು. ಊಟ ಬಿಡಿಸೋದೂ ಒಂದು ಉದ್ಯೋಗವಾ ಡಾಕ್ಟ್ರೇ? ಇದರಲ್ಲಿ ಜೀವನ ಆಗುತ್ತಾ?
– ಒಬ್ಬ ತಂದೆ, ಮದ್ದೂರು ತಾಲ್ಲೂಕು

ಯಜಮಾನರೇ, ಈ ಪ್ರಶ್ನೆಯನ್ನು ನಮ್ಮಪ್ಪನೂ ಕೇಳಿದ್ದರು, ಇದಕ್ಕಿಂತ ಖಾರವಾಗಿ. ಉದ್ಯೋಗ ಹೌದು. ಆದರೆ ಊಟ ಬಿಡಿಸೋದು ಅದರಲ್ಲಿ ತೀರಾ ಸಣ್ಣ ಭಾಗ. ಅಡುಗೆಮನೆಗೆ ಬೀಗ ಹಾಕಿದರೆ ಅದು ಯಾರಿಂದ ಬೇಕಾದರೂ ಆಗುತ್ತದೆ. ಯಾರಿಗೆ ಬಿಡಿಸಬಾರದು ಎಂದು ಆರಿಸುವುದು, ಬಿಡಿಸಿದ ಮೇಲೆ ದಿನಾ ಕಣ್ಣಿಟ್ಟು ಕಾಯುವುದು, ಮತ್ತೆ ನಿಧಾನವಾಗಿ ಊಟಕ್ಕೆ ಹಚ್ಚುವುದು, ಆರು ತಿಂಗಳು ಕಳೆದ ಮೇಲೆ ಆ ಮನುಷ್ಯ ಹೇಗಿದ್ದಾನೆ ಅಂತ ಫೋನು ಮಾಡಿ, ಮನೆ ಹುಡುಕಿಕೊಂಡು ಹೋಗಿ ಬರೆದಿಡುವುದು, ಕೆಲಸ ಇರುವುದು ಅಲ್ಲಿ.

ಮೊದಲು ಓದು. ಬಿಎನ್‌ವೈಎಸ್ ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ಸಿಇಟಿ ಮೂಲಕ ಸೀಟು ಸಿಗುತ್ತದೆ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಇದೆ, ನಾನು ಓದಿದ್ದು ಅಲ್ಲೇ. ಮೈಸೂರಿನಲ್ಲೂ ಸರ್ಕಾರಿ ಕಾಲೇಜು ಇದೆ, ಮದ್ದೂರಿನಿಂದ ರೈಲಿನಲ್ಲಿ ಓಡಾಡಿಕೊಂಡೇ ಓದಬಹುದು. ಬರೀ ಮಣ್ಣಿನ ಪಟ್ಟಿ, ಸೊಂಟದ ಸ್ನಾನ ಅಂದುಕೊಂಡು ಬರುವ ಮಕ್ಕಳು ಅಂಗರಚನೆ, ಜೀವರಸಾಯನದ ಪುಸ್ತಕಗಳನ್ನು ನೋಡಿ ಮೊದಲ ತಿಂಗಳಲ್ಲೇ ಬೆವರುತ್ತಾರೆ. ಅದನ್ನು ಮಗಳಿಗೆ ಈಗಲೇ ಹೇಳಿಬಿಡಿ.

ಇನ್ನು ಕೆಲಸ ಹೇಗಿರುತ್ತೆ ಅಂತ. ಬೆಳಗ್ಗೆ ಆರಕ್ಕೆ ವಾರ್ಡಿನಲ್ಲಿ ತೂಕ. ದಿನಾ ಅದೇ ಯಂತ್ರ, ಅದೇ ತೆಳು ಬಟ್ಟೆ, ಮೂತ್ರಕ್ಕೆ ಹೋಗಿ ಬಂದ ಮೇಲೆ. ಆಮೇಲೆ ಬಿಪಿ, ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೇಲೆ ಒಂದು ಸಲ. ನಿಂತಾಗ ಮೇಲಿನ ಅಂಕಿ ಇಪ್ಪತ್ತು ಇಳಿಯಿತು ಅಂದರೆ ಅವರನ್ನು ಒಬ್ಬರೇ ಬಾತ್‌ರೂಮಿಗೆ ಕಳಿಸುವ ಹಾಗಿಲ್ಲ. ಮೂತ್ರದಲ್ಲಿ ಅದ್ದಿ ನೋಡುವ ಕೀಟೋನ್ ಪಟ್ಟಿ ಅಂತ ಇರುತ್ತದೆ, ಮೈಯ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಎಂಬ ವಸ್ತುವನ್ನು ತೋರಿಸುವಂಥದ್ದು. ಹೊಟ್ಟೆ ತುಂಬ ಉಂಡವರದ್ದು ಮಾಸಲು ಬಣ್ಣದಲ್ಲೇ ಉಳಿಯುತ್ತದೆ. ಉಪವಾಸ ಇದ್ದವರದ್ದು ಎರಡು ಮೂರು ದಿನದಲ್ಲಿ ಗುಲಾಬಿಗೆ ತಿರುಗಿ ಆಮೇಲೆ ಕಡು ನೇರಳೆ ಆಗುತ್ತದೆ. ನಿಮ್ಮ ಮಂಡ್ಯ ಕಡೆಯ ಒಬ್ಬ ಹಿರಿಯರದ್ದು ಬಣ್ಣ ತಿರುಗಲೇ ಇಲ್ಲ. “ಏನಾದರೂ ತಿಂದ್ರಾ?” ಅಂದೆ. “ಇಲ್ಲ ಕಣವ್ವ, ದೇವ್ರಾಣೆ” ಅಂದರು. ದಿಂಬಿನ ಕವರಿನೊಳಗೆ ಕೋಡುಬಳೆ ಸಿಕ್ಕಿತು. “ಅಲ್ಲ ಕಣವ್ವ, ದುಡ್ಡೂ ಕೊಟ್ಟು ಹೊಟ್ಟೇನೂ ಹಸ್ಕೊಂಡು ಕೂರಕ್ಕೆ ನಾನೇನ್ ಮಂಕನಾ?” ಅಂತ ನನ್ನನ್ನೇ ಕೇಳಿದರು. ಅವರ ಮಾತಲ್ಲೂ ನ್ಯಾಯ ಇದೆ ಅನ್ನಿ. ಆದರೆ ಆ ಪಟ್ಟಿ ಇಲ್ಲದಿದ್ದರೆ ನನ್ನ ಪುಸ್ತಕದಲ್ಲಿ ‘ನಾಲ್ಕು ದಿನ ಉಪವಾಸ, ತೂಕ ಇಳಿಯಲಿಲ್ಲ’ ಎಂದು ಸೇರಿಹೋಗುತ್ತಿತ್ತು. ಊಟದ ಸಂಶೋಧನೆಯಲ್ಲಿ ಅರ್ಧ ಪರದಾಟ ಇದೇ. ಜನ ಹೇಳೋದು ಒಂದು, ತಿನ್ನೋದು ಒಂದು.

ಜೀವನ ಆಗುತ್ತಾ ಅಂದ್ರಿ. ಆಗುತ್ತದೆ, ಆದರೆ ಶುರುವಿನಲ್ಲಿ ಸಂಬಳ ತೆಳ್ಳಗೆ. ಖಾಸಗಿ ಪ್ರಕೃತಿ ಚಿಕಿತ್ಸಾಲಯಗಳಿವೆ, ಆಯುಷ್ ಇಲಾಖೆಯ ಕೆಲಸಗಳಿವೆ, ಸ್ವಂತ ಕ್ಲಿನಿಕ್ ಇಡಬಹುದು. ರೆಸಾರ್ಟುಗಳಲ್ಲಿ ದುಡ್ಡು ಜಾಸ್ತಿ ಕೊಡುತ್ತಾರೆ, ಅಲ್ಲಿ ಕಲಿಯೋದು ಕಡಿಮೆ ಅನ್ನೋದು ನನ್ನ ಅಭಿಪ್ರಾಯ. ರಿಸರ್ಚಿನ ದಾರಿ ಬೇರೆ. ಡಿಗ್ರಿ ಆದ ಮೇಲೆ ಎಂಡಿ ಇದೆ, ಇಲ್ಲವೇ ಪೌಷ್ಟಿಕಾಂಶದಲ್ಲಿ ಎಂಎಸ್ಸಿ ಮಾಡಿ ಪಿಎಚ್‌ಡಿಗೆ ಹೋಗಬಹುದು, ನಾನು ಹೋದದ್ದು ಹಾಗೆ. ಮನುಷ್ಯರ ಮೇಲೆ ಪ್ರಯೋಗ ಅಂದಮೇಲೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರಲ್ಲಿ ಶುರು ಮಾಡಿದ ಸಿಟಿಆರ್‌ಐ ಎಂಬ ವೈದ್ಯಕೀಯ ಪ್ರಯೋಗಗಳ ರಿಜಿಸ್ಟರ್ ಇದೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಏನನ್ನು ಅಳೆಯುತ್ತೇವೆ ಎಂದು ಅಲ್ಲಿ ಬರೆಸಬೇಕು. ಮುಂಚೆಯೇ ಯಾಕೆ ಅಂದರೆ, ತೂಕ ಇಳಿಯದೆ ಬರೀ ನಿದ್ದೆ ಸುಧಾರಿಸಿದರೆ ‘ನಾವು ನೋಡಲು ಹೊರಟಿದ್ದೇ ನಿದ್ದೆಯನ್ನು’ ಅಂತ ಆಮೇಲೆ ಮಾತು ತಿರುಗಿಸಬಾರದಲ್ವಾ, ಅದಕ್ಕೆ. ಮಗಳಿಗೆ ಲೆಕ್ಕ ಇಷ್ಟವಾ ಕೇಳಿ. ಸ್ಟ್ಯಾಟಿಸ್ಟಿಕ್ಸ್ ಕಂಡರೆ ಓಡಿಹೋಗುವವರಿಗೆ ಈ ದಾರಿ ಬೇಡ. ಇಷ್ಟ ಅಂದರೆ ಕಳಿಸಿ, ಯೋಚನೆ ಮಾಡಬೇಡಿ.

ಹಸಿದಾಗ ದೇಹದಲ್ಲಿ ಏನಾಗುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡದ್ದು ಹೇಗೆ? ಯಾರಾದರೂ ಅಷ್ಟು ದಿನ ಹಸಿದುಕೊಂಡು ಕೂರಲು ಒಪ್ಪುತ್ತಾರಾ?
– ಎಂಎಸ್ಸಿ ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಒಪ್ಪಿದವರು ಇದ್ದಾರಮ್ಮ, ಅವರ ಕಥೆಗಳೇ ಒಂದೊಂದು ಸೋಜಿಗ. 1912ರಲ್ಲಿ ಮಾಲ್ಟಾ ದ್ವೀಪದ ಲೆವಾಂಜಿನ್ ಎಂಬಾತ ಅಮೆರಿಕದ ಬೋಸ್ಟನ್‌ಗೆ ಹೋಗಿ, ಕಾರ್ನೆಗಿ ಸಂಸ್ಥೆಯ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿ 31 ದಿನ ಬರೀ ಬಟ್ಟಿ ಇಳಿಸಿದ ನೀರು ಕುಡಿದುಕೊಂಡು ಇದ್ದ. ಅಳೆದವರು ಫ್ರಾನ್ಸಿಸ್ ಬೆನೆಡಿಕ್ಟ್. ರಾತ್ರಿ ಹೊತ್ತು ಆತನನ್ನು ಉಸಿರು, ಮೈಶಾಖ ಅಳೆಯುವ ಪೆಟ್ಟಿಗೆಯೊಳಗೆ ಮಲಗಿಸುತ್ತಿದ್ದರು. ತಿಂಗಳ ಕೊನೆಗೆ ಸುಮಾರು 13 ಕೆ.ಜಿ. ಇಳಿದಿದ್ದ. ಬೆನೆಡಿಕ್ಟ್ 1915ರಲ್ಲಿ ಪ್ರಕಟಿಸಿದ ಆ ವರದಿಯನ್ನು ಈಗಲೂ ಓದುತ್ತಾರೆ, ಒಬ್ಬನೇ ಮನುಷ್ಯನದ್ದಾದರೂ.

ನೀವು ಎಂಎಸ್ಸಿಯವರು, ಜೀವರಸಾಯನ ಗೊತ್ತಿರುತ್ತದೆ. ಉಳಿದ ಓದುಗರಿಗಾಗಿ ಹೇಳುತ್ತೇನೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟಿರುತ್ತೇವೆ. ಊಟ ನಿಂತರೆ ಒಂದು ದಿನದ ಆಸುಪಾಸಿನಲ್ಲಿ ಅದು ಬಹುಮಟ್ಟಿಗೆ ಖರ್ಚು. ಆಮೇಲೆ ಕೊಬ್ಬು ಕರಗಿ ಕೀಟೋನ್ ತಯಾರಾಗುತ್ತದೆ, ಸ್ವಲ್ಪ ಮಾಂಸಖಂಡವೂ ಕರಗುತ್ತದೆ. ಮಿದುಳು ಸಕ್ಕರೆಯಿಂದ ಮಾತ್ರ ನಡೆಯುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. 1967ರಲ್ಲಿ ಬೋಸ್ಟನ್ನಿನ ಜಾರ್ಜ್ ಕೇಹಿಲ್, ಆಲಿವರ್ ಓವೆನ್ ತಂಡ ಐದಾರು ವಾರ ಉಪವಾಸವಿದ್ದ ಮೂವರು ದಪ್ಪ ಮೈಯವರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಹೋಲಿಸಿ ನೋಡಿತು. ಮಿದುಳಿನ ಇಂಧನದಲ್ಲಿ ಹೆಚ್ಚಿನ ಪಾಲು ಕೀಟೋನಿನದ್ದೇ ಆಗಿತ್ತು! ಮನುಷ್ಯ ವಾರಗಟ್ಟಲೆ ಹಸಿದು ಬದುಕುವುದು ಹೇಗೆ ಎಂಬುದಕ್ಕೆ ಸರಿಯಾದ ಉತ್ತರ ಆಗ ಸಿಕ್ಕಿದ್ದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅಮೆರಿಕದ ಮಿನೆಸೋಟ ಪ್ರಯೋಗ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944-45. ಬಂದೂಕು ಹಿಡಿಯಲ್ಲ ಎಂದು ಸೈನ್ಯಕ್ಕೆ ಸೇರದ 36 ಯುವಕರು ತಾವಾಗಿ ಮುಂದೆ ಬಂದರು. ಸಂಶೋಧಕ ಆನ್ಸೆಲ್ ಕೀಸ್ ಆ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ತೂಕ ಕಾಲುಭಾಗ ಇಳಿಯಿತು, ಅದಿರಲಿ. ಆ ಹುಡುಗರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಕನಸಲ್ಲೂ ಊಟ, ತಟ್ಟೆ ನೆಕ್ಕುತ್ತಿದ್ದರು, ಒಬ್ಬರಿಗೊಬ್ಬರು ಸಿಡುಕುತ್ತಿದ್ದರು. ಊಟ ಮತ್ತೆ ಸಿಕ್ಕಾಗ ಎಷ್ಟು ತಿಂದರೂ ಹಸಿವು ಹೋಗುತ್ತಿರಲಿಲ್ಲ. ತೂಕ ಇಳಿಸಿಕೊಂಡವರು ಯಾಕೆ ಮತ್ತೆ ದಪ್ಪ ಆಗುತ್ತಾರೆ, ‘ಮನಸ್ಸು ಗಟ್ಟಿ ಇಲ್ಲ’ ಅಂತ ಯಾಕೆ ಅವರನ್ನು ಬೈಯಬಾರದು ಅನ್ನೋದು ಇದನ್ನು ಓದಿದರೆ ತಿಳಿಯುತ್ತದೆ. ಓದಿದ ಮೇಲೆ ರೋಗಿಗಳ ಜೊತೆ ನಾನು ಮಾತಾಡುವ ರೀತಿಯೇ ಬೇರೆಯಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಬರೀ ನೀರಿನ ಉಪವಾಸದಿಂದ ಬಿಪಿ ವಾಸಿ ಮಾಡುತ್ತಾರಂತೆ. ವಿಡಿಯೋ ನೋಡಿದೆ. ನೀವು ಯಾಕೆ ‘ಬೇಡ’ ಅಂದಿದ್ದು? ಔಷಧ ಕಂಪನಿಗಳಿಗೆ ಹೆದರಿಯೇ?
– ನಿವೃತ್ತ ಬ್ಯಾಂಕ್ ನೌಕರರು, ಕುವೆಂಪುನಗರ, ಮೈಸೂರು

ಸರ್, ಔಷಧ ಕಂಪನಿಯವರು ನನ್ನ ಕ್ಲಿನಿಕ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ನೀವು ನೋಡಿದ್ದು ಬಹುಶಃ ಅಲನ್ ಗೋಲ್ಡ್‌ಹ್ಯಾಮರ್ ಅವರನ್ನು. ಅವರು ಎಂಬಿಬಿಎಸ್ ಥರದ ವೈದ್ಯರಲ್ಲ, ಚಿರೋಪ್ರಾಕ್ಟರ್, ಅಂದರೆ ಬೆನ್ನುಮೂಳೆಗೆ ಕೈಯಿಂದ ಚಿಕಿತ್ಸೆ ಕೊಡುವ ಪದ್ಧತಿಯವರು. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉಪವಾಸದ ಕೇಂದ್ರ ತೆರೆದರು, ಅದು ಈಗ ಸಾಂಟಾ ರೋಸಾ ಊರಿನಲ್ಲಿದೆ. ನನಗೆ ಅವರ ಬಗ್ಗೆ ಗೌರವ ಇದೆ. ಉಪವಾಸ ಮಾಡಿಸುವ ಎಷ್ಟೋ ಜನ ಒಂದು ಪುಟವನ್ನೂ ಬರೆದಿಡುವುದಿಲ್ಲ. ಇವರು ಇಡೀ ವೃತ್ತಿಯನ್ನೇ ಒಂದೇ ವಿಷಯಕ್ಕೆ ಕೊಟ್ಟು, ದಾಖಲೆ ಇಟ್ಟು, ಪತ್ರಿಕೆಗಳಲ್ಲಿ ಪ್ರಕಟಿಸಿದರು.

2001ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 174 ಬಿಪಿ ರೋಗಿಗಳು. ಮೊದಲ ಎರಡು ಮೂರು ದಿನ ಹಣ್ಣು ತರಕಾರಿ, ಆಮೇಲೆ ಸರಾಸರಿ ಹತ್ತು ಹನ್ನೊಂದು ದಿನ ನೀರು ಮಾತ್ರ, ಆಮೇಲೆ ಸುಮಾರು ಒಂದು ವಾರ ಕಣ್ಗಾವಲಿನಲ್ಲಿ ಮತ್ತೆ ಊಟ. ಬಿಪಿ ಸರಾಸರಿ ಮೇಲಿನದ್ದು 37, ಕೆಳಗಿನದ್ದು 13 ಇಳಿಯಿತು. ಮಾತ್ರೆ ತಗೊಳ್ಳುತ್ತಿದ್ದವರು ನಿಲ್ಲಿಸಿದರು. ಅಂಕಿ ನೋಡಿದರೆ ಬಾಯಿ ಬಿಡುವ ಹಾಗಿದೆ ಅಲ್ವಾ?

ಈಗ ಬ್ಯಾಂಕಿನವರ ಥರ ಯೋಚನೆ ಮಾಡಿ. ಹೋಲಿಸಿ ನೋಡಲು ಇನ್ನೊಂದು ಗುಂಪು ಎಲ್ಲಿ? ಇರಲಿಲ್ಲ. ಮೂರು ವಾರ ಆಫೀಸು, ಟ್ರಾಫಿಕ್ಕು, ಉಪ್ಪಿನಕಾಯಿ, ಕಾಫಿ ಬಿಟ್ಟು ತಣ್ಣಗೆ ಮಲಗಿದ್ದರೆ ಬಿಪಿ ಎಷ್ಟು ಇಳಿಯುತ್ತಿತ್ತು? ಅಂಥ ಒಂದು ಗುಂಪನ್ನು ಪಕ್ಕದಲ್ಲಿ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಅಲ್ಲಿಗೆ ಬರುವವರು ಕೈಯಿಂದ ದುಡ್ಡು ಹಾಕಿ, ನಂಬಿಕೆ ಇಟ್ಟು ಬಂದವರು, ಅದೂ ಲೆಕ್ಕಕ್ಕೆ ಬರಬೇಕು. ಬಿಪಿ ಇಳಿದದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಇಳಿದಿದೆ. ಅದರಲ್ಲಿ ಉಪವಾಸದ ಪಾಲು ಎಷ್ಟು, ಮನೆಗೆ ಹೋದ ಮೇಲೆ ಎಷ್ಟು ದಿನ ನಿಲ್ಲುತ್ತದೆ, ಜಗಳ ಇರುವುದು ಅಷ್ಟಕ್ಕೆ. ಜರ್ಮನಿಯಲ್ಲಿ ಬುಖಿಂಗರ್ ಪದ್ಧತಿ ಅಂತಿದೆ. ಸಂಧಿವಾತದಿಂದ ನರಳಿದ ನೌಕಾಪಡೆಯ ವೈದ್ಯ ಒಟ್ಟೊ ಬುಖಿಂಗರ್ ಶುರು ಮಾಡಿದ್ದು. ಅಲ್ಲಿ ಬರೀ ನೀರಲ್ಲ, ಹಣ್ಣಿನ ರಸ, ತರಕಾರಿ ಸಾರು ಸೇರಿ ದಿನಕ್ಕೆ 200-250 ಕ್ಯಾಲೊರಿ ಕೊಡುತ್ತಾರೆ. 2019ರಲ್ಲಿ 1,422 ಜನರ ಲೆಕ್ಕ ಪ್ರಕಟಿಸಿದರು. ತೂಕ, ಬಿಪಿ, ಸಕ್ಕರೆ ಇಳಿದಿದ್ದವು. ಅಲ್ಲೂ ಎರಡನೇ ಗುಂಪು ಇಲ್ಲ!

ಇನ್ನು ‘ಮನೆಯಲ್ಲಿ ಬೇಡ’ ಅಂದದ್ದು. ಗೋಲ್ಡ್‌ಹ್ಯಾಮರ್ ಕೇಂದ್ರದವರೇ 2018ರಲ್ಲಿ 768 ದಾಖಲಾತಿಗಳ ಕೇಸ್ ಶೀಟ್ ತೆಗೆದು ಏನೇನು ತೊಂದರೆ ಆಗಿದೆ ನೋಡಿದರು. ಹೆಚ್ಚಿನವು ಸಣ್ಣಪುಟ್ಟವು, ಸುಸ್ತು, ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು. ಗಂಭೀರವಾದದ್ದು ಎರಡು. ಆದರೆ ಅವರು ಮೊದಲೇ ಸೋಸಿ ಆರಿಸಿದವರು, ದಿನಾ ಪರೀಕ್ಷೆ ಇತ್ತು. ಕುವೆಂಪುನಗರದ ಮನೆಯಲ್ಲಿ ಅದನ್ನೆಲ್ಲ ಯಾರು ಮಾಡುತ್ತಾರೆ ಹೇಳಿ? ಕೈಕಾಲು ಬಿಟ್ಟ ಮೇಲೆ ಇದ್ದದ್ದೇ ಕೆ.ಆರ್. ಆಸ್ಪತ್ರೆಗೆ ಓಟ.

ಅಪಾಯ ಇರುವುದು ಉಪವಾಸದ ದಿನಗಳಲ್ಲಿ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುಗಿಸುವ ದಿನ ಇನ್ನೂ ಹುಷಾರಾಗಿರಬೇಕು. ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೆ ಇದ್ದು ಒಮ್ಮೆಗೇ ಅನ್ನ, ಸಿಹಿ ಹೊಡೆದರೆ ಇನ್ಸುಲಿನ್ ಧುತ್ತನೆ ಏರುತ್ತದೆ. ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಕ್ಕೆ ನುಗ್ಗುತ್ತವೆ. ರಕ್ತದಲ್ಲಿ ಅವು ಕಡಿಮೆಯಾದರೆ ಹೃದಯದ ಬಡಿತವೇ ತಪ್ಪಬಹುದು. ಎರಡನೇ ಮಹಾಯುದ್ಧದಲ್ಲಿ ಸೆರೆಯಿಂದ ಬಿಡುಗಡೆಯಾದ ಎಷ್ಟೋ ಜನ ಹೊಟ್ಟೆ ತುಂಬ ಊಟ ಸಿಕ್ಕ ಮೇಲೆ ಸತ್ತರು. ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಅದಕ್ಕೇ ನಮ್ಮ ವಾರ್ಡಿನಲ್ಲಿ ಉಪವಾಸ ಬಿಡಿಸುವ ದಿನ ನೆಂಟರನ್ನು ಒಳಗೆ ಬಿಡುವುದಿಲ್ಲ. ಮೈಸೂರು ಪಾಕಿನ ಡಬ್ಬ ಹಿಡಿದುಕೊಂಡೇ ಬರುತ್ತಾರೆ ಪುಣ್ಯಾತ್ಮರು.

382 ದಿನ ಉಪವಾಸ ಇದ್ದವನೊಬ್ಬ ಇದ್ದಾನೆ ಅಂತ ನನ್ನ ಫ್ರೆಂಡ್ ಹೇಳ್ತಾನೆ. ಬುರುಡೆ ತಾನೇ?
– ಕಾಲೇಜು ಹುಡುಗ, ಮಂಡ್ಯ

ಬುರುಡೆ ಅಲ್ಲ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ, 27 ವಯಸ್ಸು, 1965-66ರಲ್ಲಿ. 207 ಕೆ.ಜಿ. ಇದ್ದವನು 82ಕ್ಕೆ ಇಳಿದ. ಡಂಡಿ ಊರಿನ ಆಸ್ಪತ್ರೆಯವರು ವಿಟಮಿನ್, ಪೊಟ್ಯಾಸಿಯಂ ಕೊಡುತ್ತಾ, ರಕ್ತ ಪರೀಕ್ಷೆ ಮಾಡುತ್ತಾ ನೋಡಿಕೊಂಡರು, 1973ರಲ್ಲಿ ವರದಿ ಪ್ರಕಟವಾಯಿತು. ಅದೇ ಕಾಲದಲ್ಲಿ ಆಸ್ಪತ್ರೆಯಲ್ಲೇ ಉಪವಾಸ ಮಾಡುತ್ತಾ ಸತ್ತವರೂ ಇದ್ದಾರೆ, ನಿನ್ನ ಫ್ರೆಂಡಿಗೆ ಅದನ್ನೂ ಹೇಳು. ಇನ್ನೂ ಹಿಂದೆ ಅಮೆರಿಕದಲ್ಲಿ ಲಿಂಡಾ ಹಜಾರ್ಡ್ ಎಂಬಾಕೆ ‘ಉಪವಾಸ ತಜ್ಞೆ’ ಎಂದು ಬೋರ್ಡು ಹಾಕಿಕೊಂಡಿದ್ದಳು. ಆಕೆಯ ಚಿಕಿತ್ಸೆಯಲ್ಲಿ ಬ್ರಿಟನ್ನಿನ ಶ್ರೀಮಂತ ಹೆಣ್ಣುಮಗಳೊಬ್ಬಳು ಸತ್ತು, 1912ರಲ್ಲಿ ಆಕೆಗೆ ಶಿಕ್ಷೆಯಾಯಿತು. ಆಮೇಲೂ ಬುದ್ಧಿ ಬರಲಿಲ್ಲ, 1938ರಲ್ಲಿ ತಾನೇ ಉಪವಾಸ ಮಾಡುತ್ತಾ ತೀರಿಕೊಂಡಳು.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಮಾತ್ರೆ ತಗೊಳ್ತಾರೆ. ಏಕಾದಶಿ ಬಿಡಲ್ಲ ಅಂತಾರೆ. ಬೆಳಗ್ಗೆ ಮಾತ್ರೆ ನುಂಗಿ ಸಂಜೆವರೆಗೂ ಏನೂ ತಿನ್ನಲ್ಲ. ಏನು ಮಾಡೋದು ಮೇಡಂ?
– ಗೃಹಿಣಿ, ಶ್ರೀರಂಗಪಟ್ಟಣ

ಅಮ್ಮಾ, ಈ ಸಲದ ಎಲ್ಲ ಪತ್ರಗಳಲ್ಲಿ ನನಗೆ ನಿಜವಾಗಿ ಗಾಬರಿಯಾದದ್ದು ನಿಮ್ಮದನ್ನು ಓದಿ. ಮಾತ್ರೆಯ ಹೆಸರು ಬರೆದಿಲ್ಲ ನೀವು. ಚೀಟಿ ತೆಗೆದು ನೋಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಇವುಗಳಲ್ಲಿ ಯಾವುದಾದರೂ ಇದ್ದರೆ, ಇಲ್ಲವೇ ಇನ್ಸುಲಿನ್ ಇದ್ದರೆ, ಅದನ್ನು ತಗೊಂಡು ಊಟ ಬಿಡುವುದು ಅಪಾಯ. ನೀವು ತಿನ್ನಲಿ ಬಿಡಲಿ, ಅವು ಸಕ್ಕರೆಯನ್ನು ಕೆಳಗೆ ತಳ್ಳುತ್ತಲೇ ಇರುತ್ತವೆ. ಮೆಟ್‌ಫಾರ್ಮಿನ್ ಒಂದೇ ಆದರೆ ಈ ಭಯ ಕಡಿಮೆ. ಡಾಪಗ್ಲಿಫ್ಲೊಜಿನ್, ಎಂಪಗ್ಲಿಫ್ಲೊಜಿನ್ ಥರದ ಹೊಸ ಮಾತ್ರೆಗಳಲ್ಲಿ ಇನ್ನೊಂದು ತೊಂದರೆ, ಉಪವಾಸದಲ್ಲಿ ರಕ್ತ ಆಮ್ಲವಾಗಬಹುದು, ಆಗ ಗ್ಲುಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ತೋರಿಸದೇ ಇರಬಹುದು.

ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಏಕಾದಶಿಗೆ ಒಂದು ವಾರ ಮುಂಚೆ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ‘ಆವತ್ತು ಯಾವ ಮಾತ್ರೆ, ಎಷ್ಟು, ಯಾವಾಗ’ ಅಂತ ಬರೆಸಿಕೊಂಡು ಬನ್ನಿ. ಆ ದಿನ ಬೆವರು, ಕೈ ನಡುಕ, ಎದೆ ಡವಡವ, ಮಾತು ತೊದಲು ಏನೇ ಕಂಡರೂ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ. ಮೀಟರು ಮನೆಯಲ್ಲಿ ಇಲ್ಲದಿದ್ದರೆ ಆ ಲಕ್ಷಣ ಕಂಡ ಕೂಡಲೇ ಸಕ್ಕರೆ ನೀರು ಕೊಡಿ, ಪರೀಕ್ಷೆ ಆಮೇಲೆ. ಯಜಮಾನರು ಉಪವಾಸ ಬಿಡಲು ಒಪ್ಪದಿದ್ದರೆ ಫಲಾಹಾರಕ್ಕಾದರೂ ಒಪ್ಪಿಸಿ. ಅವಲಕ್ಕಿ ಒಂದು ಬಟ್ಟಲು ಸಾಕು. ಏಕಾದಶಿ ಅಂತ ಹೇಳಿ ಸಬ್ಬಕ್ಕಿ ಪಾಯಸ, ಬಾಳೆಹಣ್ಣು, ಹುರಿಗಡಲೆ ಉಂಡೆ ಎಲ್ಲ ಸೇರಿಸಿ ದಿನಕ್ಕಿಂತ ಡಬಲ್ ತಿನ್ನುವ ಮನೆಗಳೂ ಗೊತ್ತು ನನಗೆ, ಅದೂ ಬೇಡ.

ಎಂಟು ಗಂಟೆಯೊಳಗೆ ಊಟ ಮುಗಿಸಿ ಹದಿನಾರು ಗಂಟೆ ಖಾಲಿ ಬಿಡುವ ಪದ್ಧತಿ ನಿಜಕ್ಕೂ ಕೆಲಸ ಮಾಡುತ್ತಾ?
– ಐಟಿ ಉದ್ಯೋಗಿ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಕಡಿಮೆ ತಿಂದರೆ ಕೆಲಸ ಮಾಡುತ್ತದೆ. ಗಡಿಯಾರಕ್ಕೆ ಅದರ ಮೇಲೆ ಬೇರೆ ಮಾಯೆ ಏನಾದರೂ ಇದೆಯಾ ಅಂತ ನೋಡಿದವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 116 ಜನ, 12 ವಾರ. ಹದಿನಾರು ಗಂಟೆ ಬಿಟ್ಟವರು ಒಂದು ಕೆ.ಜಿ.ಯೂ ಇಳಿಯಲಿಲ್ಲ, ದಿನಕ್ಕೆ ಮೂರು ಹೊತ್ತು ತಿಂದವರಿಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದನ್ನು ನಡೆಸಿದ ಹೃದ್ರೋಗ ತಜ್ಞ ಈಥನ್ ವೈಸ್ ಸ್ವತಃ ಆ ಪದ್ಧತಿ ಪಾಲಿಸುತ್ತಿದ್ದವರು, ಫಲಿತಾಂಶ ನೋಡಿ ಬಿಟ್ಟುಬಿಟ್ಟರು. ಸಂಶೋಧಕ ಅಂದರೆ ಹಾಗಿರಬೇಕು ನೋಡಿ. 2022ರಲ್ಲಿ ಚೀನಾದ ಗುವಾಂಗ್‌ಜೌನಲ್ಲಿ 139 ಜನರನ್ನು ಒಂದು ವರ್ಷ ನೋಡಿದರು. ಎರಡು ಗುಂಪಿಗೂ ಕ್ಯಾಲೊರಿ ಕಡಿತ, ಒಂದು ಗುಂಪಿಗೆ ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರವರೆಗೆ ಊಟದ ನಿಯಮ. ಆ ಗುಂಪು 8 ಕೆ.ಜಿ., ಇನ್ನೊಂದು 6.3 ಕೆ.ಜಿ. ಇಳಿಯಿತು. ಅಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು ಎಂದೇ ಲೆಕ್ಕ ಹೇಳಿತು.

ನಿಮ್ಮ ಶಿಫ್ಟಿಗೆ ಸರಿಹೊಂದಿದರೆ ಮಾಡಿ, ನನ್ನ ಅಡ್ಡಿ ಇಲ್ಲ. ರಾತ್ರಿ ಹತ್ತರ ಮೇಲೆ ಆರ್ಡರ್ ಮಾಡಿಸುವ ಬಿರಿಯಾನಿ ನಿಂತರೆ ಅದೇ ದೊಡ್ಡ ಲಾಭ.

ನಮ್ಮಜ್ಜಿ ವಾರಕ್ಕೆ ಎರಡು ಸಲ ಒಪ್ಪೊತ್ತು ಇದ್ದು ತೊಂಬತ್ತು ದಾಟಿದರು. ಇದಕ್ಕಿಂತ ಪುರಾವೆ ಬೇಕಾ?
– ಓದುಗರು, ಪಾಂಡವಪುರ

ಬೇಕು. ಹಾಗೇ ಒಪ್ಪೊತ್ತು ಇದ್ದು ಅರವತ್ತಕ್ಕೇ ಹೋದ ಅಜ್ಜಿಯರ ಮೊಮ್ಮಕ್ಕಳು ನನಗೆ ಪತ್ರ ಬರೆಯುವುದಿಲ್ಲ. ನಿಮ್ಮಜ್ಜಿ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ್ದು, ನಡೆದೇ ಸಂತೆಗೆ ಹೋಗಿದ್ದು ಎಲ್ಲ ಬಿಟ್ಟು ಬರೀ ಒಪ್ಪೊತ್ತಿಗೆ ಯಾಕೆ ಪೂರ್ತಿ ಕೀರ್ತಿ ಕೊಡ್ತೀರಿ?

ಮಗಳು ಐದು ತಿಂಗಳ ಬಸುರಿ. ಅತ್ತೆ ಮನೆಯಲ್ಲಿ ಶ್ರಾವಣದ ಉಪವಾಸ ಮಾಡಿಸುತ್ತಾರೆ. ಒಂದು ದಿನ ತಾನೇ, ಏನಾಗುತ್ತೆ ಅಂತಾರೆ.
– ತಾಯಿ, ಮಳವಳ್ಳಿ

ಬೇಡ ಅಂತ ನನ್ನ ಹೆಸರು ಹೇಳಿಯೇ ಹೇಳಿ. ಬಸುರಿಗೆ ಹೊಟ್ಟೆ ಖಾಲಿಯಾದರೆ ಕೀಟೋನ್ ಬೇಗ ಏರುತ್ತದೆ, ಸುಸ್ತು, ವಾಂತಿ ಜಾಸ್ತಿಯಾಗುತ್ತದೆ.

ಈ ನೆಪದಲ್ಲಿ ಒಂದು ವಿಷಯ ಹೇಳಬೇಕು, ನಮ್ಮೂರಲ್ಲೇ ಆದದ್ದು, ನಮ್ಮವರಿಗೇ ಗೊತ್ತಿಲ್ಲ. ಮೈಸೂರು ಅಂದರೆ ಊಟದ ಸಂಶೋಧನೆಯ ಊರು. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಇದೆ, ಸೈನಿಕರ ಊಟ ರೂಪಿಸುವ ಡಿಎಫ್‌ಆರ್‌ಎಲ್ ಇದೆ. ಅವೆಲ್ಲ ಎಲ್ಲರಿಗೂ ಗೊತ್ತು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆಯಲ್ಲ, ನಾವು ಮಿಷನ್ ಆಸ್ಪತ್ರೆ ಅನ್ನೋದು, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಲೆಡ್ಜರಿನಲ್ಲಿ ಬರೆದಿಟ್ಟಿದ್ದರು. ಸಂಶೋಧಕರು 1934ರಿಂದ 54ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಮಾಡಿ ಹೃದಯ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕೆ.ಜಿ.ಗಿಂತ ಜಾಸ್ತಿ ಇದ್ದವರಲ್ಲಿ ನೂರಕ್ಕೆ 3. 45 ದಾಟಿದವರಲ್ಲಿ ಈ ನಂಟು ಇನ್ನೂ ಸ್ಪಷ್ಟವಾಗಿತ್ತು. ತಾಯಿಯ ತೂಕ ಕಡಿಮೆ ಇದ್ದರೂ ಮಕ್ಕಳಿಗೆ ಅಪಾಯ ಹೆಚ್ಚು ಕಂಡಿತು. 1996ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು ಇದು. ಇದು ಉಪವಾಸದ ಅಧ್ಯಯನ ಅಲ್ಲ, ಒಂದು ದಿನ ಊಟ ಬಿಟ್ಟರೆ ಮಗು ಚಿಕ್ಕದಾಗುತ್ತೆ ಅಂತ ನಾನು ಹೆದರಿಸುತ್ತಲೂ ಇಲ್ಲ. ಬಸುರಿಯ ಊಟದ ಲೆಕ್ಕ ಮಗುವಿನ ನಲವತ್ತೈದನೇ ವಯಸ್ಸಿನವರೆಗೂ ಹೋಗಬಹುದು ಅನ್ನೋದಕ್ಕೆ ಹೇಳಿದೆ. ಆ ಕಾಲದಲ್ಲಿ ದಿನಾ ಹೆರಿಗೆ ಕೋಣೆಯಲ್ಲಿ ಮಗುವನ್ನು ತಕ್ಕಡಿಗೆ ಹಾಕಿ ಅಂಕಿ ಬರೆದ ನರ್ಸುಗಳು ಈ ಸಂಶೋಧನೆ ಕನಸಲ್ಲೂ ನೆನೆಸಿರಲಿಕ್ಕಿಲ್ಲ. ಆ ಮದ್ದೂರಿನ ಮಗಳಿಗೆ ನಾನು ಈ ಲೆಡ್ಜರಿನ ವಿಷಯವನ್ನೇ ಮೊದಲು ಹೇಳುತ್ತಿದ್ದೆ.

ಅತ್ತೆಯವರಿಗೆ ಹೇಳಿ, ಮಗಳು ಪೂಜೆ ಮಾಡಲಿ, ಊಟವನ್ನೂ ಮಾಡಲಿ.

ಡಯಟ್ ಅಂದರೆ ಮುದ್ದೆ ಬಿಟ್ಟು ಓಟ್ಸ್ ತಿನ್ನಬೇಕಾ?
– ರೈತರು, ಕೆ.ಆರ್. ಪೇಟೆ

ಅಣ್ಣಾ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ತಂದುಕೊಟ್ಟದ್ದು ನಾವು ಓಟ್ಸ್ ತಿನ್ನಲಿ ಅಂತಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತೂ ಸಿಗುವುದು ಕಷ್ಟ. ಆದರೆ ರಾಗಿಯೂ ಹೆಚ್ಚಾಗಿ ಪಿಷ್ಟವೇ. ಗದ್ದೆ ಕೆಲಸ ಬಿಟ್ಟು ಟಿವಿ ಮುಂದೆ ಕೂತ ಮೇಲೂ ತಾತನ ಕಾಲದ ಗಾತ್ರದ ಮುದ್ದೆ ಎರಡು ಇಳಿಸಿದರೆ ತೂಕ ಏರದೆ ಇರುತ್ತಾ? ಒಂದು ಮಾಡಿ, ಬಸ್ಸಾರು, ಸೊಪ್ಪು, ಕಾಳು ಜಾಸ್ತಿ ಮಾಡಿ.

ಶಿವರಾತ್ರಿ ಉಪವಾಸ ಬಿಡುವಾಗ ಏನು ತಿನ್ನಬೇಕು?
– ಓದುಗರು, ನಂಜನಗೂಡು

ಒಂದು ದಿನದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಮೊದಲು ನೀರು, ಎಳನೀರು ಅಥವಾ ಮಜ್ಜಿಗೆ. ಅರ್ಧ ಗಂಟೆ ಬಿಟ್ಟು ತೆಳ್ಳಗಿನ ಗಂಜಿ ಇಲ್ಲವೇ ಎರಡು ಇಡ್ಲಿ. ನಿಮ್ಮೂರಿನ ರಸಬಾಳೆ ಸಿಕ್ಕರೆ ಒಂದು. ಕರಿದದ್ದು ಮಧ್ಯಾಹ್ನದ ಮೇಲೆ ನೋಡಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಎಳನೀರು, ಬಾಳೆಹಣ್ಣು ಎರಡನ್ನೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಪೊಟ್ಯಾಸಿಯಂ ಜಾಸ್ತಿ.

ಮುಂದಿನ ಸಲ ಬರೆಯುವವರು ದಯವಿಟ್ಟು ವಯಸ್ಸು, ತೂಕ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಹೆಸರು ಬರೆಯಿರಿ. ‘ಬೆಳಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಅರ್ಧ ಹಳದಿ ಮಾತ್ರೆ’ ಅಂದರೆ ನನಗೆ ಏನು ತಿಳಿಯಬೇಕು?